ಗೋಡೆಯಾಚೆಯ ಚಕ್ರ

ಅಜ್ಜಿಯ ಮಾತು ಬಂದಾಗಲೆಲ್ಲ ಆ ಮನೆಯವರು ಮೊದಲು ನೆನೆಯುವುದು ಆಕೆಯ ಮುಖವನ್ನಲ್ಲ, ಸದ್ದನ್ನು.

ಬೀದಿಗೆ ತೆರೆದುಕೊಂಡ ಮುಂದಿನ ಕೋಣೆ ಅಜ್ಜಿಯದು. ಅಂಗಡಿಯೂ ಅದೇ, ಅಡುಗೆಮನೆಯೂ ಅದೇ, ಮಲಗುವ ಜಾಗವೂ ಅದೇ. ಹಿಂಭಾಗದಲ್ಲಿ ಮಗ, ಸೊಸೆ, ಮೊಮ್ಮಗಳು. ನಡುವೆ ಒಂದು ಗೋಡೆ. ಆ ಗೋಡೆಗೊಂದು ಬಾಗಿಲು ಇಡಿಸುತ್ತೇನೆಂದು ಮಗ ಎಷ್ಟೋ ಸಲ ಹೇಳಿದ್ದ. ಅಜ್ಜಿ ಒಪ್ಪಿರಲಿಲ್ಲ.

"ಬಾಗಿಲಿದ್ರೆ ನೀವು ಉಪ್ಪು ಕೇಳೋಕೆ ಬರ್ತೀರ, ನಾನು ನಿಮ್ಮ ಅಡುಗೆಗೆ ಹೆಸರಿಡೋಕೆ ಬರ್ತೀನಿ. ಗೋಡೆ ಗೋಡೆಯಾಗೇ ಇರ್ಲಿ."

ಹೀಗಾಗಿ ಒಬ್ಬರು ಇನ್ನೊಬ್ಬರ ಹತ್ತಿರ ಹೋಗಬೇಕಾದರೆ ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಮನೆಯ ಪಕ್ಕದ ಇಕ್ಕಟ್ಟು ಹಾದಿಯನ್ನು ಬಳಸಿ ಹೋಗಬೇಕಿತ್ತು. ದಿನವೂ ಯಾರೂ ಹೋಗುತ್ತಿರಲಿಲ್ಲ. ಅಗತ್ಯವೂ ಇರಲಿಲ್ಲ. ಸದ್ದು ಇತ್ತಲ್ಲ.

ಅಜ್ಜಿ ಸಾಣೆ ಹಿಡಿಯುವವಳು. ದರ್ಜಿಗಳ ಕತ್ತರಿ, ಕ್ಷೌರದ ಅಂಗಡಿಯವರ ಕತ್ತಿ, ಮಾಂಸದಂಗಡಿಯ ಮಚ್ಚು, ಮನೆಮನೆಯ ಚಾಕು, ಮೊಂಡಾದದ್ದು ಏನಿದ್ದರೂ ಆಕೆಯ ಹತ್ತಿರ ಬರುತ್ತಿತ್ತು. ಆಕೆಯ ಯಂತ್ರ ಹಳೇ ಹೊಲಿಗೆ ಯಂತ್ರದ ಹಾಗೆ ಕಾಲಿನಿಂದ ತುಳಿಯುವಂಥದ್ದು: ಕೆಳಗೊಂದು ಮರದ ಹಲಗೆ, ಹಲಗೆಯಿಂದ ಮೇಲಕ್ಕೆ ಹೋದ ಸರಳು, ಸರಳಿನ ತುದಿಗೆ ಕಲ್ಲಿನ ಚಕ್ರ.

ತುಳಿದು ತಿರುಗಿಸುವ ಚಕ್ರಕ್ಕೆ ತನ್ನದೇ ಸದ್ದು ಅಂತ ಇರುವುದಿಲ್ಲ. ತುಳಿಯುವವರದೇ ಅದರ ಸದ್ದು. ಅಲಗು ಕಲ್ಲಿಗೆ ತಗುಲಿದಾಗ ದನಿ ತಗ್ಗುತ್ತದೆ, ಎತ್ತಿದಾಗ ಏರುತ್ತದೆ. ಅಡುಗೆಮನೆಯ ಚಾಕಾದರೆ ಚುಟುಕು ಸದ್ದು. ದರ್ಜಿಯ ಕತ್ತರಿಯಾದರೆ ಒಂದು ಉದ್ದನೆಯ ಎಳೆತ, ಆಮೇಲೆ ನಿಶ್ಶಬ್ದ. ಅಜ್ಜಿ ಅಲಗನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಳೆ ಎಂದರ್ಥ. ಗೋಡೆಯ ಈಚೆ ತರಕಾರಿ ಹೆಚ್ಚುತ್ತಾ ಕೂತ ಸೊಸೆಗೆ ಇದೆಲ್ಲ ಯಾರೂ ಕಲಿಸದೆ ಬಂದಿತ್ತು. "ಅತ್ತೆಗೆ ಇವತ್ತು ಮಂಡಿ ನೋವು" ಅನ್ನುತ್ತಿದ್ದಳು. ಮೊಮ್ಮಗಳು ಬಿಸಿನೀರಿನ ಚೀಲ ತೆಗೆದುಕೊಂಡು ಹೋದರೆ ಅಜ್ಜಿ ಹುಬ್ಬು ಗಂಟಿಕ್ಕುತ್ತಿದ್ದಳು. "ನಿಮ್ಮಮ್ಮ ಗೋಡೆಗೆ ಕಿವಿ ಹಚ್ಕೊಂಡು ಕೂತಿರ್ತಾಳೇನೇ?"

ಆ ಮಂಡಿಯೇ ಎಲ್ಲಕ್ಕೂ ಕಾರಣ. ಚಳಿಗಾಲ ಕಳೆದರೂ ಊತ ಇಳಿಯಲಿಲ್ಲ. ಮಗನಿಗೆ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ಊರಿನ ಅರ್ಧ ನೀರೆತ್ತುವ ಪಂಪುಗಳು ಅವನ ಕೈಯಲ್ಲಿ ಮರುಜನ್ಮ ಪಡೆದವು. ಒಂದು ಸಂಜೆ ಪುಟ್ಟ ಮೋಟಾರೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದ.

"ನನ್ನ ಕಾಲು ಕಿತ್ತು ಮೋಟಾರ್ ಹಾಕ್ತೀಯೇನೋ?"

"ಕಾಲಿಗೆ ರಜಾ ಕೊಡ್ತಿದ್ದೀನಮ್ಮ."

"ರಜಾ ಕೇಳ್ದೋರಿಗೆ ಕೊಡು. ಕೂತು ತಿಂದ್ರೆ ಕುಡಿಕೆ ಹೊನ್ನೂ ಸಾಲದು."

"ಕೂತು ತಿನ್ನು ಅಂದ್ನಾ? ಕೂತು ಸಾಣೆ ಹಿಡಿ ಅಂದೆ."

ಮೊಮ್ಮಗಳು ನಕ್ಕಳು. ಅಜ್ಜಿಗೂ ನಗು ಬಂತು. ಆ ನಗುವಿನಲ್ಲೇ ಹಲಗೆ ಕಳಚಿತು, ಮೋಟಾರು ಕೂತಿತು. ಗಿರಾಕಿಗಳ ಜೊತೆ ಬರುವ ಪುಟ್ಟ ಮಕ್ಕಳು ಮುಟ್ಟಬಾರದೆಂದು ಮಗ ಸ್ವಿಚ್ಚನ್ನು ಗೋಡೆಯ ಮೇಲೆ ಎತ್ತರದಲ್ಲಿ ಹಾಕಿದ.

ಈಗ ಸದ್ದು ಜೇನುಗೂಡಿನ ಹಾಗೆ ಒಂದೇ ಸಮ ಬರತೊಡಗಿತು. "ದಿನವಿಡೀ ಕೇಳುತ್ತೆ, ಜೀವಕ್ಕೆ ಸಮಾಧಾನ" ಅಂದಳು ಸೊಸೆ. ಏನು ಬದಲಾಯಿತೆಂದು ಮೂವರಲ್ಲಿ ಒಬ್ಬರೂ ಯೋಚಿಸಲಿಲ್ಲ, ಮೋಟಾರಿನ ಜೊತೆಯೇ ಬದುಕುವ ಮಗ ಕೂಡ. ಹಳೆಯ ಚಕ್ರಕ್ಕೆ ಅಜ್ಜಿ ಬೇಕಿದ್ದಳು. ಮೋಟಾರಿಗೆ ಅಜ್ಜಿ ಬೇಕಿರಲಿಲ್ಲ.

ರಜೆಯ ದಿನ ಮಧ್ಯಾಹ್ನ ಮಾತ್ರ ಅಜ್ಜಿ ಇವರ ಜೊತೆ ಊಟಕ್ಕೆ ಬರುತ್ತಿದ್ದಳು. ಉಳಿದ ದಿನ ತನ್ನ ಒಲೆ, ತನ್ನ ಪಾತ್ರೆ. ಆ ರಜೆಯ ದಿನ ಅನ್ನ, ಹುರಿದ ಮೀನು ಆಗಿತ್ತು. ಸೊಸೆ ಗೋಡೆಗೆ ಸೌಟಿನಿಂದ ಬಡಿದಳು. ಊಟಕ್ಕೆ ಕರೆಯುವ ರೀತಿಯೇ ಅದು. ಚಕ್ರ ತಿರುಗುತ್ತಲೇ ಇತ್ತು.

"ಯಾರದೋ ಅವಸರದ ಕೆಲಸ ಇರ್ಬೇಕು" ಅಂದ ಮಗ.

"ಮದುವೆ ಸೀಸನ್. ದರ್ಜಿಗಳು ಪ್ರಾಣ ತಿಂತಿರ್ತಾರೆ. ನೀವು ಕೂತ್ಕೊಳ್ರಿ, ಅವರ ಪಾಲು ಎತ್ತಿಟ್ಟಿದ್ದೀನಿ."

ಊಟಕ್ಕೆ ಕೂತರು. ಕಾಲೇಜಿನಲ್ಲಿ ಪಾಠ ಹೇಳುವವರೊಬ್ಬರು ನಡೆಯುವುದನ್ನು ಮೊಮ್ಮಗಳು ತಟ್ಟೆ ಹಿಡಿದೇ ಎದ್ದು ಮಾಡಿ ತೋರಿಸಿದಳು. ಮಗನಿಗೆ ನೆತ್ತಿಗೆ ಹತ್ತಿತು. ಸೊಸೆ ಬೆನ್ನು ತಟ್ಟುತ್ತಾ ತಾನೂ ಬಿದ್ದುಬಿದ್ದು ನಕ್ಕಳು. ಊಟ ಮುಗಿಯಿತು. ಮೊಮ್ಮಗಳು ಸೋಪು ಹಚ್ಚಿ ಕೈ ತೊಳೆದು, ಒರೆಸಿಕೊಂಡು, ಅಜ್ಜಿಯ ಪಾಲನ್ನು ತಟ್ಟೆಯಲ್ಲಿ ಮುಚ್ಚಿಕೊಂಡು ಹೋದಳು.

ಆಮೇಲೆ ತಟ್ಟೆ ಬಿದ್ದ ಸದ್ದು ಕೇಳಿತು. "ಅಪ್ಪಾ!" ಎಂಬ ಕೂಗು. ಆಶ್ಚರ್ಯವೆಂದರೆ ಆ ಹೊತ್ತಿಗೂ ಚಕ್ರ ಒಂದೇ ಸಮ ಹಾಡುತ್ತಿತ್ತು.

ಅಜ್ಜಿ ಯಂತ್ರದ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಎಡಗೈ ಮೈಯ ಕೆಳಗೆ ಸಿಕ್ಕಿಕೊಂಡಿತ್ತು. ದರ್ಜಿಯ ದೊಡ್ಡ ಕತ್ತರಿ ಬಾಯಿ ತೆರೆದುಕೊಂಡು ಆಕೆಯ ಕತ್ತಿನ ಪಕ್ಕದಲ್ಲೇ ಇತ್ತು. ಕಣ್ಣುಗಳು ತೆರೆದಿದ್ದವು. ತುಟಿ ಅಲುಗುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ಮೊಮ್ಮಗಳು ಮೊದಲು ಹಿಡಿದದ್ದು ಅಜ್ಜಿಯನ್ನಲ್ಲ, ಸ್ವಿಚ್ಚನ್ನು. ಅದಕ್ಕೆ ಅವಳೂ ತುದಿಗಾಲಲ್ಲಿ ನಿಲ್ಲಬೇಕಾಯಿತು. ಚಕ್ರ ನಿಂತ ಮೇಲೆ ಬಗ್ಗಿ ಅಜ್ಜಿಯ ಕೆನ್ನೆ ಮುಟ್ಟಿದಳು.

ಮಣಿಕಟ್ಟು ಮುರಿದಿತ್ತು. ಸೊಂಟ ಕಂದಿತ್ತು, ಮುರಿದಿರಲಿಲ್ಲ. ತಲೆಸುತ್ತು ಬಂದು ಬಿದ್ದದ್ದು, ಮತ್ತೆ ಬರಬಹುದು ಅಂದರು ಡಾಕ್ಟರು. ಎಷ್ಟು ಹೊತ್ತು ಬಿದ್ದಿದ್ದರು ಎಂದು ಕೇಳಿದಾಗ ಮಗ ಹೆಂಡತಿಯ ಮುಖ ನೋಡಿದ, ಹೆಂಡತಿ ಮಗಳ ಮುಖ ನೋಡಿದಳು. ಯಾರಿಗೂ ಗೊತ್ತಿರಲಿಲ್ಲ.

ಆಸ್ಪತ್ರೆಯ ದಿನಗಳಲ್ಲಿ ಮುಂದಿನ ಕೋಣೆಗೆ ಬೀಗ ಬಿತ್ತು. ಬೀಗ ಕಂಡವರೆಲ್ಲ ಪಕ್ಕದ ಹಾದಿ ಹಿಡಿದು ಹಿಂದಕ್ಕೆ ಬಂದರು. ಕತ್ತರಿ ಕೇಳಲು ಬಂದವರು ಕತ್ತರಿಯ ಮಾತೆತ್ತದೆ ನಿಂತರು. ಅಜ್ಜಿಯ ಪಕ್ಕ ಬಿದ್ದಿದ್ದ ದೊಡ್ಡ ಕತ್ತರಿಯ ಒಡೆಯನಾದ ಮುದಿ ದರ್ಜಿ ಹೊಸ್ತಿಲ ಮೇಲೆ ಕೂತುಬಿಟ್ಟ.

"ಅಕ್ಕ ನನ್ನ ಕತ್ತರಿ ಹಿಡ್ಕೊಂಡೇ ಬಿದ್ರಂತೆ?"

"ಅದೇನೂ ನಿಮ್ಮ ತಪ್ಪಲ್ಲ, ಬಿಡಿ" ಅಂದಳು ಸೊಸೆ.

"ತಪ್ಪಿನ ಮಾತಲ್ಲಮ್ಮ. ಹೆದರಿಕೆ ಆಗುತ್ತೆ. ನಾನು ಮೊದಲ ಅಂಗಿ ಕತ್ತರಿಸಿದ ದಿನದಿಂದ ಅವರ ಕೈಯೇ. ಆಗ ಅಂಗಡಿ ಎಲ್ಲಿತ್ತು? ಯಂತ್ರಾನ ಬೆನ್ನಿಗೆ ಕಟ್ಕೊಂಡು ಬೀದಿಬೀದಿ ತಿರುಗೋರು. ಹೆಂಗಸು ಸಾಣೆ ಹಿಡಿಯೋದಾ ಅಂತ ಜನ ನಗೋರು. ಒಬ್ಬ ಕಟುಕ, 'ನಿನ್ನ ಗಂಡ ಎಲ್ಲಿ, ಅವನನ್ನ ಕಳಿಸು' ಅಂದ. ಅಕ್ಕ ಅವನ ಮಚ್ಚು ತಗೊಂಡು, ಸಾಣೆ ಹಿಡಿದು, ಅವನ ಅಂಗಡಿ ಮರದ ದಿಮ್ಮಿಗೇ ಹೊಡೆದ್ರು. ಕೀಳೋಕೆ ಅವನಿಗೆ ಆಗ್ಲಿಲ್ಲ. 'ನನ್ನ ಗಂಡ ಸತ್ತು ಆರು ತಿಂಗಳಾಯ್ತು. ಕರ್ಕೊಂಡು ಬರ್ತೀಯಾ?' ಅಂದ್ರು."

ಮಗನಿಗೂ ನೆನಪಿತ್ತು. ಯಂತ್ರದ ಚೌಕಟ್ಟಿನಿಂದ ಒಂದು ಚರ್ಮದ ಪಟ್ಟಿ ಇಳಿಬಿದ್ದಿರುತ್ತಿತ್ತು. ಚಿಕ್ಕವನಿದ್ದಾಗ ಅದನ್ನು ಹಿಡಿದುಕೊಂಡು ಅವನು ಹಿಂದೆ ನಡೆಯುತ್ತಿದ್ದ. ಅಮ್ಮನ ಮುಖ ಕಾಣುತ್ತಿರಲಿಲ್ಲ, ಬೆನ್ನ ಮೇಲಿನ ಚಕ್ರ ಮಾತ್ರ ಕಾಣುತ್ತಿತ್ತು. ಪಟ್ಟಿ ಬಿಟ್ಟರೆ ಅಮ್ಮ ಕಳೆದುಹೋಗುತ್ತಾಳೆ ಎಂಬ ಭಯ. ಆ ಭಯ ಮತ್ತೆ ಬಂದಿತ್ತು.

"ಇನ್ನು ಆ ಕೋಣೆ ಬೇಡ. ಒಳಗೇ ಇರ್ಲಿ, ಕಣ್ಣೆದುರಿಗೆ" ಅಂದ ಆ ದಿನ.

ಅಜ್ಜಿ ಮೊಮ್ಮಗಳ ಕೋಣೆಗೆ ಬಂದಳು. ಕೈಗೆ ಹಿಟ್ಟಿನ ಮೂಟೆಯಂಥ ಬ್ಯಾಂಡೇಜು. ಮೊದಲ ವಾರ ಯಾರ ಮಾತಿಗೂ ಎದುರಾಡಲಿಲ್ಲ. ಅದೇ ಎಲ್ಲರನ್ನೂ ಹೆದರಿಸಿತು. ಸೊಸೆ ತಾನು ಹೋಗುತ್ತಿದ್ದ ಲಾಂಡ್ರಿಯ ಕೌಂಟರಿನ ಕೆಲಸವನ್ನು ಮಧ್ಯಾಹ್ನದಿಂದ ಸಂಜೆಗೆ ಬದಲಾಯಿಸಿಕೊಂಡಳು. ಮೊಮ್ಮಗಳು ಬಚ್ಚಲ ಬಾಗಿಲಿನ ಚಿಲಕ ಬಿಚ್ಚಿಟ್ಟಳು. ಮಗ ಚಾಕುಗಳನ್ನೆಲ್ಲ ಮೇಲಿನ ಗೂಡಿಗೆ ಸಾಗಿಸಿದ. ತರಕಾರಿ ಹೆಚ್ಚಬೇಕೆಂದರೆ ಸೊಸೆ ಸ್ಟೂಲ್ ಹತ್ತಬೇಕಾಯಿತು. "ಜೀವಮಾನವಿಡೀ ಕತ್ತಿ ಹಿಡಿದವರಿಂದ ಚಾಕು ಬಚ್ಚಿಡ್ತೀರಲ್ಲ, ನಾನು ಸ್ಟೂಲಿನಿಂದ ಬಿದ್ರೆ ಯಾರ್ರೀ ನೋಡೋರು?" ಎಂದು ರೇಗಿದಳು.

ಅಜ್ಜಿ ಸದ್ದಿಲ್ಲದೆ ಮಲಗಿದರೆ ಭಯ. ಕೆಮ್ಮಿದರೆ ಭಯ. ಪಾತ್ರೆ ಬಿದ್ದರೆ ಮೂವರೂ ಬೇರೆ ಬೇರೆ ಕಡೆಯಿಂದ ಓಡಿಬಂದು ಬಾಗಿಲಲ್ಲಿ ಢಿಕ್ಕಿ ಹೊಡೆಯುತ್ತಿದ್ದರು. ಒಂದು ಮಧ್ಯಾಹ್ನ ಅಜ್ಜಿ ನಿದ್ದೆ ಹೋಗಿದ್ದಾಗ ಎದೆ ಏರಿಳಿಯುವುದು ಸೊಸೆಗೆ ಕಾಣಲಿಲ್ಲ. ಬಗ್ಗಿ ಮೂಗಿನ ಹತ್ತಿರ ಬೆರಳು ಹಿಡಿದಳು.

"ಇನ್ನೂ ಇದ್ದೀನಿ" ಅಂದಳು ಅಜ್ಜಿ, ಕಣ್ಣು ಮುಚ್ಚಿಯೇ. "ಬೆರಳಿಗೆ ಈರುಳ್ಳಿ ವಾಸನೆ. ತೆಗಿ."

"ಅತ್ತೆ, ನಾನು ಸುಮ್ನೆ..."

"ಸುಮ್ನೆ ಯಾರಾದ್ರೂ ಮೂಗಿಗೆ ಬೆರಳಿಡ್ತಾರಾ? ನನ್ನ ಕೋಣೆ ಬೀಗದ ಕೈ ಕೊಡು."

"ಅವರ ಹತ್ರ ಇದೆ."

"ನನ್ನ ಕೋಣೆ ಬೀಗದ ಕೈ ಅವನ ಹತ್ರ ಯಾಕಿದೆ?"

ಸೊಸೆ ಈರುಳ್ಳಿ ಹೆಚ್ಚಲು ವಾಪಸು ಹೋದಳು. ಅಂದು ಸಂಜೆ ಅಜ್ಜಿ ಊಟ ಬೇಡವೆಂದಳು. ಮರುದಿನ ಬೆಳಿಗ್ಗೆ ಬ್ರೆಡ್ಡು, ಮೊಟ್ಟೆ ಇಟ್ಟರೂ ತಟ್ಟೆ ಹಾಗೇ ಇತ್ತು.

"ಹಟ ಮಾಡಿದ್ರೆ ಕೈ ಕೂಡುತ್ತಾ ಅಜ್ಜಿ?" ಮೊಮ್ಮಗಳು ಚಮಚ ಹಿಡಿದು ಕೂತಳು. "ಆ ಅನ್ನು."

"ನಿನಗೆ ನಾನು ಆ ಅನ್ಸಿದ್ದೀನಿ. ಆಗ ನಿನಗೆ ಹಲ್ಲಿರ್ಲಿಲ್ಲ. ನನಗಿನ್ನೂ ಇವೆ."

ಯಂತ್ರ ಕೊಳ್ಳಲು ಜನ ಬರುತ್ತಾರೆಂಬ ಸುದ್ದಿ ಅಜ್ಜಿಗೆ ತಿಳಿದದ್ದು ಆ ವಾರದ ಕೊನೆಯಲ್ಲಿ. ಪಾತ್ರೆ ಅಂಗಡಿಯವನೊಬ್ಬ ಚಕ್ರವನ್ನು ಮೋಟಾರಿನ ಸಮೇತ ಒಯ್ಯುತ್ತೇನೆ ಅಂದಿದ್ದ. ಮಗ ಒಪ್ಪಿದ್ದ. ರಾತ್ರಿ ಊಟಕ್ಕೆ ಕೂತಾಗ ತಾನೇ ಹೇಳಿದ, ತಟ್ಟೆ ನೋಡುತ್ತಾ.

"ಆ ಯಂತ್ರ ಇದ್ರೆ ನೀನು ಸುಮ್ನಿರಲ್ಲ. ಅದಕ್ಕೇ ಕೊಟ್ಬಿಡ್ತೀನಿ."

"ಯಾರ ಯಂತ್ರಾನ?"

"ಅಮ್ಮಾ, ನೀನು ಸತ್ತು ಹೋಗ್ತಿದ್ದೆ!"

"ಹೌದು. ಸತ್ತೇ ಹೋಗ್ತೀನಿ ಅಂದ್ಕೊಂಡೆ." ಅಜ್ಜಿ ಎದ್ದು ನಿಲ್ಲಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಎಷ್ಟು ಹೊತ್ತು ಬಿದ್ದಿದ್ದೆ ಅಂತ ಯಾರಿಗೂ ಗೊತ್ತಿಲ್ಲ ಅಂದ್ರಿ ಡಾಕ್ಟರ ಹತ್ರ. ನನಗೆ ಗೊತ್ತು. ಇವಳು ಗೋಡೆಗೆ ಸೌಟು ಬಡಿಯೋಕೆ ಮೊದಲೇ ಬಿದ್ದೆ."

ಸೊಸೆಯ ಕೈಲಿದ್ದ ಲೋಟ ಅಲ್ಲೇ ನಿಂತಿತು.

"ಬಡಿದಿದ್ದು ಕೇಳಿಸ್ತು. ಕೂಗ್ದೆ. ಚಕ್ರ ನನಗಿಂತ ಜೋರಾಗಿ ಕೂಗ್ತಿತ್ತು. ಸ್ವಿಚ್ಚು ಕಾಣ್ತಿತ್ತು, ಆಕಾಶದಲ್ಲಿ ಇದ್ದ ಹಾಗೆ. ಕತ್ತರಿ ಕತ್ತಿನ ಹತ್ರ ಇತ್ತು, ತಿರುಗೋಕೆ ಹೆದರಿಕೆ. ನೀವು ಊಟಕ್ಕೆ ಕೂತ್ರಿ. ತಟ್ಟೆ ಸದ್ದು ಗೋಡೆಗೆ ತಾಗುತ್ತೆ, ನಿಮಗೆ ಗೊತ್ತಿಲ್ಲ ಅದು. ಆಮೇಲೆ ನಕ್ರಿ. ಏನಕ್ಕೆ ಅಷ್ಟು ನಕ್ಕಿದ್ದು?"

ಮೊಮ್ಮಗಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಹೇಳ್ರೇ, ಏನಕ್ಕೆ ನಕ್ಕಿದ್ದು? ಅಲ್ಲಿ ಬಿದ್ಕೊಂಡು ಅದನ್ನೇ ಯೋಚಿಸ್ತಿದ್ದೆ."

"ನಮ್ಮ ಮೇಷ್ಟ್ರು ನಡೆಯೋದನ್ನ ಮಾಡಿ ತೋರಿಸ್ದೆ" ಅಂದಳು ಮೊಮ್ಮಗಳು.

"ಓ." ಅಜ್ಜಿ ತಲೆಯಾಡಿಸಿದಳು. "ಕೊನೆಗೆ ನೀನು ಬಂದೆ. ನನ್ನ ಕೆನ್ನೆ ಮುಟ್ಟಿದೆ. ನಿನ್ನ ಕೈಯಲ್ಲಿ ಸೋಪಿನ ವಾಸನೆ ಇತ್ತು. ತಿಂದು, ತೊಳೆದು, ಒರೆಸ್ಕೊಂಡು ಬಂದ ಕೈ. ಬಿದ್ದಿದ್ದಕ್ಕಿಂತ ಆ ವಾಸನೆಗೆ ಹೆದರಿದೆ ಕಣೇ. ನಾನು ಇಲ್ಲದೇನೂ ಚಕ್ರ ತಿರುಗುತ್ತೆ, ನಾನು ಇಲ್ಲದೇನೂ ಎಲ್ಲ ನಡಿಯುತ್ತೆ ಅಂತ."

ಮೊಮ್ಮಗಳು ಎದ್ದು ಹಿತ್ತಲಿಗೆ ಹೋದಳು. ಸೊಸೆ ಸೆಟೆದು ಕೂತಿದ್ದಳು. ಕಣ್ಣೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಅವಳಿಗೆ ಧೈರ್ಯ ಬರಲಿಲ್ಲ.

"ಅದಕ್ಕೇ ಹೇಳ್ತಿದ್ದೀನಿ" ಅಂದಳು ಅಜ್ಜಿ, ಮಗನ ಕಡೆ ತಿರುಗಿ. "ಮೋಟಾರ್ ಕೀಳು. ಹಲಗೆ ಹಾಕು. ಯಂತ್ರ ನನ್ನದು, ಕೋಣೆ ನನ್ನದು. ಬಿದ್ರೆ ಸದ್ದು ನಿಲ್ಲುತ್ತೆ. ನಿಂತ್ರೆ ಬನ್ನಿ. ಅಷ್ಟೇ."

"ತುಳಿಯೋಕೆ ಕಾಲೆಲ್ಲಿದೆ ಅಮ್ಮ ನಿನಗೆ?"

"ಎಡಗಾಲಿಗೆ ತಾನೇ ಊತ? ಬಲಗಾಲು ಇಷ್ಟು ವರ್ಷ ಬಿಟ್ಟಿ ಊಟ ಮಾಡಿದೆ. ಈಗ ದುಡೀಲಿ."

ಆ ಮಾತಿಗೆ ನಗಬೇಕಿತ್ತು. ನಗುವುದಕ್ಕೆ ಎಲ್ಲರಿಗೂ ಹೆದರಿಕೆಯಾಯಿತು.

ಕಳಚಿದ ಹಲಗೆ ಎಲ್ಲಿ ಹೋಯಿತೆಂದು ಮಗ ಎರಡು ದಿನ ಹುಡುಕಿದ. ಕೊನೆಗೆ ನೋಡಿದರೆ ಅದು ಅವನ ವರ್ಕ್‌ಶಾಪಿನಲ್ಲೇ ಇತ್ತು. ಗ್ರೀಸು ಮೆತ್ತಿದ ಮೋಟಾರುಗಳನ್ನು ನೆಲಕ್ಕಿಡಬಾರದೆಂದು ಅವನೇ ಅದನ್ನು ಕೆಳಗೆ ಹಾಕಿಕೊಂಡಿದ್ದ. ಮೇಲಿನ ಮಣ್ಣು, ಎಣ್ಣೆ ಕೆರೆದಾಗ ಅಮ್ಮನ ಪಾದದ ಗುರುತು ಸಿಕ್ಕಿತು: ಹಿಮ್ಮಡಿಯ ಕಡೆ ಆಳವಾಗಿ, ಬೆರಳುಗಳ ಕಡೆ ತೆಳುವಾಗಿ ಸವೆದ ತಗ್ಗು. ಅವನು ಅದರ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಕೂತ. ಆಮೇಲೆ ಪಾತ್ರೆ ಅಂಗಡಿಯವನಿಗೆ ಬರಬೇಡವೆಂದು ಫೋನು ಮಾಡಿದ.

ಮುಂದಿನ ಕೋಣೆಯಲ್ಲಿ ಹಲಗೆ ಜೋಡಿಸುವಾಗ ಸೊಸೆ ದೀಪ ಹಿಡಿದು ನಿಂತಿದ್ದಳು.

"ಇದು ಸರೀನಾ ರೀ? ಮತ್ತೆ ಬಿದ್ರೆ?"

"ಬೀಳ್ತಾಳೆ ಅಂತ ಇಟ್ಕೋ. ಒಳಗಿದ್ರೂ ಬೀಳ್ತಾಳೆ. ಅಲ್ಲಿ ಊಟ ಬಿಟ್ಟು ಬೀಳ್ತಾಳೆ, ಇಲ್ಲಿ ಊಟ ಮಾಡಿ ಬೀಳ್ತಾಳೆ."

"ಹಾಗನ್ಬೇಡಿ, ಭಯ ಆಗುತ್ತೆ."

"ನನಗೇನು ಧೈರ್ಯ ಬಂದಿದೆ ಅಂದ್ಕೊಂಡ್ಯಾ?"

ಬ್ಯಾಂಡೇಜು ಬಿಚ್ಚಿದ ವಾರ ಅಜ್ಜಿ ಮುಂದಿನ ಕೋಣೆಗೆ ಮರಳಿದಳು. ಷರತ್ತುಗಳು ಎರಡೂ ಕಡೆಯಿಂದ ಇದ್ದವು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವಂತಿಲ್ಲ ಎಂದರು ಇವರು. ಹೊರಗಿನಿಂದ ಬೀಗ ಹಾಕುವಂತಿಲ್ಲ ಎಂದಳು ಆಕೆ. ದೊಡ್ಡ ಕತ್ತರಿ ಸದ್ಯಕ್ಕೆ ಬೇಡ ಎಂದರು. ಅದನ್ನು ದರ್ಜಿ ಬಂದಾಗ ನೋಡೋಣ ಎಂದಳು.

ಬಲಗಾಲಿನ ಸದ್ದು ಬೇರೆಯೇ ಆಗಿತ್ತು. ಕುಂಟುವವರು ಮೆಟ್ಟಿಲು ಹತ್ತಿದ ಹಾಗೆ ಒಂದು ಭಾರದ ತುಳಿತ, ಒಂದು ಹಗುರದ ತುಳಿತ. ನಡುನಡುವೆ ತಡೆದು ಹೋಗುತ್ತಿತ್ತು. ಮೊದಮೊದಲು ಪ್ರತಿ ತಡೆಗೂ ಯಾರಾದರೂ ಪಕ್ಕದ ಹಾದಿಯಲ್ಲಿ ಓಡುತ್ತಿದ್ದರು. "ಚಾಕು ತಿರುಗಿಸ್ದೆ ಕಣ್ರೋ. ಅದಕ್ಕೂ ನಿಮ್ಮ ಅಪ್ಪಣೆ ಬೇಕಾ?" ಎಂದು ಬೈಸಿಕೊಂಡು ಬರುತ್ತಿದ್ದರು. ಹಾಗೆ ಬೈಸಿಕೊಂಡೇ ಹೊಸ ಸದ್ದನ್ನು ಕಲಿತರು. ಎಷ್ಟು ತಡೆದರೆ ಚಾಕು, ಎಷ್ಟು ತಡೆದರೆ ನೀರು ಕುಡಿಯುವುದು, ಎಷ್ಟು ತಡೆದರೆ ಬೀದಿಯಲ್ಲಿ ಹೋಗುವವರ ಜೊತೆ ಮಾತು. ಕಲಿತರೂ ಹೆದರಿಕೆ ಹೋಗಲಿಲ್ಲ. ಅದು ಮನೆಯ ನಾಲ್ವರ ಜೊತೆ ಐದನೆಯವರಂತೆ ಊಟಕ್ಕೆ ಕೂರುತ್ತಿತ್ತು.

ಒಂದು ರಜೆಯ ದಿನ, ಅಜ್ಜಿಯದೊಂದು ಕೆಲಸ ಮುಗಿಯಬೇಕಿತ್ತು. "ನೀವು ಕೂತಿರಿ, ಇದೊಂದು ಮುಗಿಸಿ ಬರ್ತೀನಿ" ಅಂದಿದ್ದಳು. ಅನ್ನ ಬಡಿಸಿಕೊಂಡರು. ಗೋಡೆಯಾಚೆ ಚಕ್ರ ಕುಂಟುತ್ತಾ ಓಡುತ್ತಿತ್ತು. ಸೊಸೆ ಮೊದಲ ತುತ್ತು ಕಲಸಿ ಬಾಯಿಗೆ ಒಯ್ಯುತ್ತಿದ್ದಳು.

ಸದ್ದು ನಿಂತಿತು.

ಚಾಕಿನಷ್ಟು ಹೊತ್ತು ಕಳೆಯಿತು. ನೀರಿನಷ್ಟು ಹೊತ್ತು ಕಳೆಯಿತು. ಬೀದಿಯ ಮಾತಿನ ದನಿ ಕೇಳಲಿಲ್ಲ. ಮಗ ಏಳುವಷ್ಟರಲ್ಲಿ ಸೊಸೆ, ನಾನು ನೋಡ್ತೀನಿ ಅನ್ನುತ್ತಾ, ಹಿತ್ತಲ ಬಾಗಿಲು ದಾಟಿದ್ದಳು.

ಅಜ್ಜಿ ತನ್ನ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದಳು. ಚಾಕು ದೂರದಲ್ಲಿ, ಮೇಜಿನ ಮೇಲೆ. ದೃಷ್ಟಿ ಬಾಗಿಲಿನ ಮೇಲೆ. ಸೊಸೆ ಚೌಕಟ್ಟು ಹಿಡಿದು ಏದುಸಿರು ಬಿಟ್ಟಳು.

"ನಿಲ್ಸಿ ನೋಡ್ದೆ" ಅಂದಳು ಅಜ್ಜಿ. "ಯಾರು ಬರ್ತೀರ ಅಂತ. ಕೈ ತೋರಿಸು."

ಸೊಸೆ ಬಲಗೈ ಚಾಚಿದಳು. ಬೆರಳುಗಳ ತುಂಬ ಅನ್ನ ಮೆತ್ತಿಕೊಂಡಿತ್ತು. ಅಜ್ಜಿ ಅದನ್ನು, ಕತ್ತರಿಯ ಅಲಗನ್ನು ನೋಡುವ ಹಾಗೆ, ಬೆಳಕಿನ ಕಡೆ ತಿರುಗಿಸಿ ನೋಡಿದಳು.

"ತೊಳೀದೆ ಬಂದೆ."

"ಹೂಂ."

"ಸರಿ. ಹೋಗು. ಅನ್ನ ಆರುತ್ತೆ."

ಸೊಸೆ ಹೋಗಲಿಲ್ಲ. ಅಜ್ಜಿಯ ಎಡಗೈ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ಬೆರಳ ಗಿಣ್ಣುಗಳು ಬಿಳಿಚಿದ್ದವು. ಹಣೆಯ ಮೇಲೆ ಬೆವರಿತ್ತು. ಹಲಗೆಯ ಮೇಲಿನ ಕಾಲು ಸಣ್ಣಗೆ ನಡುಗುತ್ತಿತ್ತು. ನೋಡೋಣವೆಂದು ನಿಲ್ಲಿಸಿದ್ದಲ್ಲ ಅದು. ಲೋಕ ಗಿರ್ರೆಂದು ತಿರುಗಿದಾಗ ಚಾಕನ್ನು ದೂರವಿಟ್ಟು, ಸದ್ದು ನಿಲ್ಲಿಸಿ, ಬಾಗಿಲು ನೋಡುತ್ತಾ ಕೂತದ್ದು.

ಸೊಸೆ ಗಿರಾಕಿಗಳ ಬೆಂಚಿನ ಮೇಲೆ, ಅನ್ನದ ಕೈಯನ್ನು ಮಡಿಲಿಂದ ದೂರ ಹಿಡಿದುಕೊಂಡು ಕೂತಳು.

"ಹೋಗು ಅಂದೆನಲ್ಲ."

"ನೀವು ಮೊದಲು ತುಳೀರಿ ಅತ್ತೆ. ಆಮೇಲೆ ಹೋಗ್ತೀನಿ. ಅಲ್ಲಿ ಅವರಿಬ್ರೂ ತುತ್ತು ಹಿಡ್ಕೊಂಡು ಕೂತಿರ್ತಾರೆ."

"ಚಾಕು ಕೊಡು ಹಾಗಾದ್ರೆ."

"ಚಾಕು ಬೇಡ. ಬರೀ ತುಳೀರಿ."

ಅಜ್ಜಿ ಅವಳನ್ನೇ ನೋಡಿದಳು. ಕಾಲಿನ ನಡುಕ ಇಳಿಯುವವರೆಗೆ ಮೇಜಿನ ಅಂಚು ಬಿಡಲಿಲ್ಲ. ಸೊಸೆಯ ಬೆರಳುಗಳ ಮೇಲೆ ಅನ್ನ ಒಣಗತೊಡಗಿತ್ತು. ಕೊನೆಗೆ ಬಲಗಾಲು ಹಲಗೆಯ ತಗ್ಗನ್ನು ಹುಡುಕಿಕೊಂಡಿತು. ಒಂದು ಭಾರದ ತುಳಿತ. ಒಂದು ಹಗುರದ ತುಳಿತ. ಚಕ್ರ ಏನನ್ನೂ ಹರಿತ ಮಾಡದೆ, ಸುಮ್ಮನೆ ತಿರುಗಿತು.

ಗೋಡೆಯಾಚೆ ಯಾರೋ ಲೋಟ ಎತ್ತಿ ನೀರು ಕುಡಿದು ಕೆಳಗಿಟ್ಟ ಸದ್ದು ಕೇಳಿಸಿತು.